ನಾನು ಬರೆದ ಒಂದೇ ಒಂದು ನಿಜವಾದ ಹುಟ್ಟಿದ ತಾರೀಖು

ಟೆಕ್ಸಾಸ್ ರಾಜ್ಯದಲ್ಲಿ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ಒಂದು ಚರ್ಚಿನ ಹಿಂದುಗಡೆ ಹಾಲ್‌ನಲ್ಲಿ, ಶನಿವಾರ ಬೆಳಿಗ್ಗೆ, ಈ ದೇಶದಲ್ಲಿ ಆಶ್ರಯ ಕೇಳಿ ಬಂದವರಿಗೆ ಅರ್ಜಿ ತುಂಬಿಕೊಡುತ್ತಾರೆ. ನಾನು ಅಲ್ಲಿಗೆ ಹೋಗತೊಡಗಿದ್ದು ಕರುಣೆಯಿಂದ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಏನೆಂದರೆ ನನ್ನ ಶನಿವಾರಗಳು ಖಾಲಿ ಇದ್ದವು. ಹೆಂಡತಿಗೆ ಆಸ್ಟಿನ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು, ಮಗಳೂ ಅವಳ ಜೊತೆ ಹೋಗಿ ಅಲ್ಲಿನ ಸ್ಕೂಲಿಗೆ ಸೇರಿದ್ದಳು. ನಾನು ಮಾತ್ರ ಇಲ್ಲೇ ಪಕ್ಕದ ಊರಾದ ಪ್ಲೇನೋದ ಕಂಪನಿಯನ್ನು ಬಿಡಲಿಲ್ಲ. ಕೆಲಸ ಬದಲಾಯಿಸಿದರೆ ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಏನಾಗುತ್ತದೋ ಎಂಬ ಭಯ. ಏನೂ ಆಗುವುದಿಲ್ಲ ಎಂದು ವಕೀಲರು ಎರಡು ಸಲ ಬರೆದು ತಿಳಿಸಿದ್ದರು. ಎರಡು ಸಲ ಯಾಕೆ ಬರೆದರು ಎಂದು ನನಗೆ ಇನ್ನೊಂದು ಚಿಂತೆ ಹತ್ತಿಕೊಂಡಿತು.

ಮೊದಮೊದಲು ವಾರಕ್ಕೊಮ್ಮೆ ಆಸ್ಟಿನ್‌ಗೆ ಡ್ರೈವ್ ಮಾಡುತ್ತಿದ್ದೆ. ಆಮೇಲೆ ಎರಡು ವಾರಕ್ಕೊಮ್ಮೆ ಆಯಿತು. ಉಳಿದ ಶನಿವಾರಗಳಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುತ್ತಾ, ಎದುರು ಮನೆಯವರ ನಾಯಿ ನನ್ನನ್ನು ಗುರುತಿಸುತ್ತದೆ ಎಂದು ಖುಷಿಪಡುವ ಮಟ್ಟಕ್ಕೆ ಬಂದಿದ್ದೆ. ಹಿಂದಿ ಬಲ್ಲವರು ಬೇಕಾಗಿದ್ದಾರೆ ಎಂಬ ಚೀಟಿಯನ್ನು ಇಂಡಿಯನ್ ಅಂಗಡಿಯ ಬಾಗಿಲಲ್ಲಿ ನೋಡಿದ್ದು ಆಗಲೇ.

ಕಾಪೆಲ್‌ನಲ್ಲಿರುವ ನನ್ನ ಹಳೆಯ ಗೆಳೆಯನಿಗೆ ಇದು ಸರಿಬರಲಿಲ್ಲ. ಅವರ ಮನೆಯ, ಎಲ್ಲರೂ ಒಂದೊಂದು ಅಡಿಗೆ ತರುವ ಪಾಟ್‌ಲಕ್‌ನಲ್ಲಿ ಬಿಸಿಬೇಳೆ ಬಾತ್ ಬಡಿಸಿಕೊಳ್ಳುತ್ತಲೇ ನನ್ನನ್ನು ತರಾಟೆಗೆ ತೆಗೆದುಕೊಂಡ.

"ಅಲ್ಲ ಗುರುವೇ, ನಾವು ಗ್ರೀನ್ ಕಾರ್ಡಿಗೆ ಹದಿನೈದು ವರ್ಷದಿಂದ ಲೈನಲ್ಲಿ ನಿಂತಿದೀವಿ. ಗೋಡೆ ಹಾರಿ ಬಂದೋರಿಗೆ ನೀನು ಫಾರ್ಮ್ ತುಂಬ್ಕೊಡ್ತೀಯಾ?"

"ಲೈನಲ್ಲಿ ನಿಂತು ನಿಂತು ಫಾರ್ಮ್ ತುಂಬೋದೊಂದೇ ಕಲ್ತಿರೋದು. ಇನ್ನೇನ್ ಮಾಡ್ಲಿ?"

"ನಿನ್ನ ಹಿಂದಿಲಿ ತುಂಬಿದ್ರೆ ಅವ್ರನ್ನ ನಾಳೇನೇ ವಾಪಸ್ ಕಳಿಸ್ತಾರೆ ಬಿಡು," ಎಂದು ಅವನ ಹೆಂಡತಿ ನಗಿಸಿದರು. ನಾನೂ ನಕ್ಕೆ.

ಆಶ್ರಯ ಕೇಳಿ ಒಬ್ಬ ದರ್ಜಿ ಬಂದದ್ದು ನಾನು ಅಲ್ಲಿಗೆ ಹೋಗತೊಡಗಿದ ಮೂರನೆಯ ತಿಂಗಳಲ್ಲಿ. ಪಂಜಾಬಿನವರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಎಡಗೈ ಮೊಣಕೈಯ ಹತ್ತಿರ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಊರಲ್ಲಿ ಅವರ ಅಂಗಡಿಯನ್ನು ಸುಟ್ಟಿದ್ದರು, ಕೈ ಮುರಿದಿದ್ದರು. ಯಾರು, ಯಾಕೆ ಎಂಬುದು ಅವರ ಕಥೆ, ಅದನ್ನು ಹೇಳುವ ಹಕ್ಕು ನನಗಿಲ್ಲ. ಸುಟ್ಟವರು ಇನ್ನೂ ಅದೇ ಊರಲ್ಲಿದ್ದಾರೆ, ಇವರನ್ನು ವಾಪಸ್ ಕಳಿಸಿದರೆ ಈ ಸಲ ಕೈಗೆ ನಿಲ್ಲುವುದಿಲ್ಲ ಎಂಬಷ್ಟು ಗೊತ್ತಿದ್ದರೆ ಸಾಕು. ಹೆಂಡತಿ ಮಕ್ಕಳು ಅಲ್ಲಿ ಅಕ್ಕನ ಮನೆಯಲ್ಲಿ ಬಚ್ಚಿಟ್ಟುಕೊಂಡ ಹಾಗೆ ಇದ್ದರು.

ನನ್ನ ಹಿಂದಿ ಬೆಂಗಳೂರಿನದು. ಗಂಡು ಹೆಣ್ಣು ಎಂಬ ಭೇದ ಅದಕ್ಕೆ ಇಲ್ಲ. ಅವರು ಹತ್ತು ನಿಮಿಷ ಸಹಿಸಿಕೊಂಡು, "ಸರ್‌ಜೀ, ನೀವು ನನ್ನ ಹೆಂಡತಿಯನ್ನ ಗಂಡಸು ಮಾಡಿಬಿಟ್ಟಿರಿ. ಪರವಾಗಿಲ್ಲ, ಮನೇಲೂ ಅವಳೇ ಗಂಡಸು," ಎಂದು ನಕ್ಕರು. ಆ ಹಾಲ್‌ನಲ್ಲಿ ನಗುವವರು ಕಮ್ಮಿ. ನನಗೆ ಅವರು ಇಷ್ಟವಾದರು.

ಆಮೇಲೆ ಹುಟ್ಟಿದ ತಾರೀಖಿನ ಜಾಗ ಬಂತು.

"ಯಾವುದು ಹೇಳಲಿ?" ಎಂದರು.

ಬೇರೆ ಯಾರಾದರೂ ಆಗಿದ್ದರೆ ಈ ಪ್ರಶ್ನೆ ಕೇಳಿ ಪೆನ್ನು ಕೆಳಗಿಡುತ್ತಿದ್ದರು. ಅಮೆರಿಕದವರಂತೂ ಗಾಬರಿಯಾಗುತ್ತಿದ್ದರು. ನಾನು ಹುಬ್ಬು ಕೂಡ ಏರಿಸಲಿಲ್ಲ. ನಮ್ಮ ಕಾಲದಲ್ಲಿ ಸ್ಕೂಲಿಗೆ ಸೇರಿಸುವ ದಿನ ವಯಸ್ಸು ನಾಲ್ಕು ತಿಂಗಳು ಕಮ್ಮಿ ಬಿದ್ದರೆ ಹೆಡ್‌ಮಾಸ್ಟರು ಹೊಸ ತಾರೀಖು ಕೊಡುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಒಂಬತ್ತು ಜನ ಒಂದೇ ದಿನ ಹುಟ್ಟಿದ್ದೆವು. ಅಮ್ಮನ ಲೆಕ್ಕದಲ್ಲಿ ನಾನು ತುಳಸಿ ಹಬ್ಬದ ಮಾರನೆಯ ದಿನ ಹುಟ್ಟಿದವನು. ಸರ್ಕಾರದ ಲೆಕ್ಕದಲ್ಲಿ ಜೂನ್ ಒಂದು. ಇದು ಸುಳ್ಳು ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಮನೆಯಲ್ಲಿ ಕರೆಯುವ ಹೆಸರು ಬೇರೆ, ಹಾಜರಿ ಪುಸ್ತಕದ ಹೆಸರು ಬೇರೆ ಇರುವುದಿಲ್ಲವೇ, ಹಾಗೆ.

"ಅಮ್ಮ ಹೇಳಿದ್ದೋ, ಸ್ಕೂಲಿನದೋ?" ಎಂದು ನಾನೇ ಕೇಳಿದೆ.

"ಅಯ್ಯೋ, ನಿಮಗೂ ಗೊತ್ತಾ!" ಎಂದು ಅವರ ಮುಖ ಅರಳಿತು. "ಅಮ್ಮ ಹೇಳಿದ್ದು ಚಳಿಗಾಲದ್ದು. ಮಾಸ್ತರು ಬರೆದದ್ದು ಏಪ್ರಿಲ್‌ದು."

ಅರ್ಜಿಯ ಕೊನೆಯಲ್ಲಿ, ಬರೆದದ್ದೆಲ್ಲ ನಿಜ, ಸುಳ್ಳಾದರೆ ಶಿಕ್ಷೆಗೆ ಒಪ್ಪುತ್ತೇನೆ ಎಂಬ ಸಾಲಿದೆ. ನಾನು ಆ ಸಾಲನ್ನು ಮೊದಲೇ ಓದಿ ಹೆದರಿದ್ದೆ. ಅದಕ್ಕೇ ಬಹಳ ಪ್ರಾಮಾಣಿಕನಾಗಿ ಅಮ್ಮ ಹೇಳಿದ ತಾರೀಖನ್ನೇ ಬರೆದೆ. ಪಾಸ್‌ಪೋರ್ಟಿನ ಜೆರಾಕ್ಸ್ ಅವರ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ತೆಗೆದು ನೋಡಲಿಲ್ಲ. ಅರ್ಜಿ ಸಿದ್ಧಪಡಿಸಿದವರು ಎಂಬಲ್ಲಿ ನನ್ನ ಸಹಿ ಹಾಕಿದೆ. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರ ತಪ್ಪು ಹಿಡಿಯುವುದು. ಇಪ್ಪತ್ತೆರಡು ವರ್ಷದ ಅನುಭವ.

ಎಂಟು ತಿಂಗಳಾದ ಮೇಲೆ ಡಾಲಸ್‌ನ ಒಬ್ಬ ವಕೀಲೆ ಫೋನ್ ಮಾಡಿದರು. ಫೀಸಿಲ್ಲದೆ ದರ್ಜಿಯ ಕೇಸು ಹಿಡಿದಿದ್ದವರು. ಕೋರ್ಟಿನಲ್ಲಿ ಸರ್ಕಾರದ ಕಡೆಯ ವಕೀಲರು ಅರ್ಜಿಯ ತಾರೀಖಿಗೂ ಪಾಸ್‌ಪೋರ್ಟಿನ ತಾರೀಖಿಗೂ ತಾಳೆಯಿಲ್ಲ ಎಂದು ಎತ್ತಿ ತೋರಿಸಿದ್ದರು. ಯಾವುದು ನಿಜ ಎಂದು ಜಡ್ಜ್ ಕೇಳಿದಾಗ ದರ್ಜಿ, "ಎರಡೂ ಸರಿ," ಎಂದಿದ್ದರಂತೆ. ಹುಟ್ಟಿದ ದಿನವನ್ನೇ ಸರಿಯಾಗಿ ಹೇಳದವನು ಅಂಗಡಿ ಸುಟ್ಟದ್ದನ್ನು ನಿಜ ಹೇಳುತ್ತಾನೆಂದು ಹೇಗೆ ನಂಬುವುದು, ಎಂಬುದು ಈಗ ಎದುರು ಪಕ್ಷದ ವಾದ.

"ಇದು ನಿಮ್ಮ ಸಹಿಯೇ?" ಎಂದರು ವಕೀಲೆ.

ಹೌದು ಎಂದೆ.

"ಹಾಗಾದರೆ ಒಂದು ಹೇಳಿಕೆ ಬರೆದುಕೊಡಿ. ತಪ್ಪು ಹೇಗಾಯಿತು, ನೀವು ಯಾಕೆ ಆ ತಾರೀಖನ್ನು ಆರಿಸಿದಿರಿ, ಅಷ್ಟು ಸಾಕು. ಯಾಕೆ ಅನ್ನೋದು ಮುಖ್ಯ."

ತೊಡಕಿದ್ದದ್ದು ಆ ಯಾಕೆಯಲ್ಲೇ. ನನಗೆ ಜನನ ಪ್ರಮಾಣಪತ್ರ ಇಲ್ಲ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಅಮ್ಮ ಮತ್ತು ಸೋದರಮಾವ ಬೆಂಗಳೂರಿನಲ್ಲಿ ನೋಟರಿಯ ಮುಂದೆ ಕೂತು, ಈತ ಹುಟ್ಟಿದ್ದು ಜೂನ್ ಒಂದರಂದೇ ಎಂದು ಅಫಿಡವಿಟ್ ಮಾಡಿಕೊಟ್ಟಿದ್ದರು. "ಬೆಳಗಿನ ಜಾವ ಅಂತಾನೂ ಬರೀಲೇನೋ?" ಎಂದು ಮಾವ ಉತ್ಸಾಹ ತೋರಿಸಿದ್ದರು. ಅಮ್ಮ ಈಗಿಲ್ಲ. ನನ್ನ ಅರ್ಜಿ ಇನ್ನೂ ಎಲ್ಲೋ ಒಂದು ಕಪಾಟಿನಲ್ಲಿದೆ. ಈಗ ನಾನು, ನನಗೂ ಎರಡು ಹುಟ್ಟಿದ ದಿನ ಇವೆ, ಅದಕ್ಕೇ ನನಗೆ ಅದು ವಿಚಿತ್ರ ಎನಿಸಲಿಲ್ಲ, ಎಂದು ಅದೇ ಸರ್ಕಾರಕ್ಕೆ ಬರೆದು ಸಹಿ ಹಾಕಬೇಕು.

ಹೆಂಡತಿಗೆ ಫೋನ್ ಮಾಡಿದೆ. ಅವಳ ಹಿಂದೆ ಕುಕ್ಕರ್ ಕೂಗುತ್ತಿತ್ತು.

"ನಿಮಗ್ಯಾಕ್ರೀ ಬೇಕಿತ್ತು ಊರ ಉಸಾಬರಿ?" ಎಂದಳು ಮೊದಲು. ಸ್ಟವ್ ಆರಿಸಿ ಬಂದು, "ಬರೀದೇ ಇದ್ರೆ ಅವ್ರನ್ನ ಕಳಿಸ್ಬಿಡ್ತಾರಾ?"

"ಕಳಿಸಬಹುದು."

"ಬರೆದ್ರೆ ನಿಮ್ಮನ್ನ?"

"ಕಳಿಸ್ಬಹುದೋ ಏನೋ."

"ನಿಮ್ಮ ಬಹುದುಗಳೆಲ್ಲ ನಂಗೊತ್ತು. ಮದುವೆ ಮಂಟಪದಲ್ಲೂ ಸಿಲಿಂಡರ್ ಸಿಡೀಬಹುದು ಅಂತ ಕೂತಿದ್ರಲ್ಲ," ಎಂದಳು. ಆಮೇಲೆ ಮೆತ್ತಗೆ, "ಯೋಚನೆ ಮಾಡಿ ಬರೀರಿ. ನಂದೂ ಮಗಳದ್ದೂ ಪೇಪರು ನಿಮ್ಮ ಫೈಲಲ್ಲೇ ಇದೆ." ಅದೂ ನಿಜವೇ. ನನ್ನ ಬೆನ್ನ ಮೇಲೆ ಅವರಿಬ್ಬರೂ ಇದ್ದರು, ಮುನ್ನೂರು ಕಿಲೋಮೀಟರ್ ದೂರದಿಂದ.

ಭಾನುವಾರ ಮಧ್ಯಾಹ್ನವೆಲ್ಲ ಬರೆದೆ. ಏಳು ಸಲ. ಕೊನೆಯ ಪ್ರತಿಯಲ್ಲಿ ನಾನೇ ಇರಲಿಲ್ಲ. "ಆ ಪ್ರದೇಶದಲ್ಲಿ ಇಂಥ ವ್ಯತ್ಯಾಸಗಳು ಸಾಮಾನ್ಯ" ಎಂದಿತ್ತು, ಯಾವುದೋ ಪ್ರವಾಸಿ ನೋಡಿ ಬಂದು ಹೇಳಿದಂತೆ. ವಕೀಲೆ ತಮ್ಮ ಆಫೀಸಿನಲ್ಲಿ ಅದನ್ನು ಓದಿ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ. "ನನ್ನ ಸ್ನೇಹಿತರೊಬ್ಬರಿಗೂ ಹೀಗೆ ಎರಡು ತಾರೀಖು ಇದೆ, ಅವರ ಅರ್ಜಿಗೆ ತೊಂದರೆ ಆಗಬಹುದಾ?" ಎಂದು ಕೇಳಿದೆ. ಆಕೆ ನನ್ನ ಹೇಳಿಕೆಯನ್ನು ಫೈಲಿಗೆ ಸೇರಿಸಿದರು. "ನಾನು ದರ್ಜಿಯ ವಕೀಲೆ. ನಿಮ್ಮ ಸ್ನೇಹಿತರಿಗೆ ಅವರದೇ ವಕೀಲರು ಬೇಕು," ಎಂದರು.

ನಾನು ಯಾವ ವಕೀಲರನ್ನೂ ಕೇಳಲಿಲ್ಲ. ಉತ್ತರ ಬಂದರೆ ಅದನ್ನು ಪಾಲಿಸಬೇಕಾಗುತ್ತದಲ್ಲ.

ಮುಂದಿನ ವಿಚಾರಣೆಯ ದಿನ ದರ್ಜಿಯನ್ನು ನಾನೇ ಕಾರಿನಲ್ಲಿ ಡಾಲಸ್ ಕೋರ್ಟಿರುವ ಡೌನ್‌ಟೌನ್‌ಗೆ ಕರೆದುಕೊಂಡು ಹೋದೆ. ಅವರೇ ಹೊಲಿದುಕೊಂಡ ಬೂದು ಕೋಟು ಹಾಕಿದ್ದರು. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಕ್ಷಮೆ ಕೇಳುವ ಹಿಂದಿ ವಾಕ್ಯ ಜೋಡಿಸುತ್ತಿದ್ದೆ. ಅದು ಜೋಡಣೆ ಆಗುವ ಮೊದಲೇ ಅವರು, "ಜಡ್ಜ್ ಸಾಹೇಬರು ಕೇಳಿದಾಗ ನಾನು ಎರಡೂ ಸರಿ ಅಂದೆ, ಯಾಕೆ ಗೊತ್ತಾ? ಏಪ್ರಿಲ್ ಸರಿ ಅಂದರೆ ನೀವು ತಪ್ಪು ಬರೆದಿರಿ ಅಂತ ಆಗತ್ತೆ. ನೀವು ಓದಿದವರು. ನಿಮಗೆ ತೊಂದರೆ ಆಗಬಾರದು ಅನಿಸ್ತು," ಎಂದರು.

ಮುಂದಿನ ಸಿಗ್ನಲ್‌ನಲ್ಲಿ ಹಸಿರು ಬಿದ್ದರೂ ನಾನು ಕಾರು ಹೊರಡಿಸಲಿಲ್ಲವಂತೆ. ಹಿಂದಿನವನು ಹಾರ್ನ್ ಹೊಡೆದ ಮೇಲೆ ಅವರೇ ಹೇಳಿದರು.

ನನ್ನನ್ನು ಸಾಕ್ಷಿಯಾಗಿ ಕರೆದರು. ಪ್ರಮಾಣ ಮಾಡಿದೆ. ಸರ್ಕಾರದ ವಕೀಲರು ಕಟುವಾಗಿರಬಹುದು ಎಂದು ಹೆದರಿದ್ದೆ. ಆದರೆ ನೆಗಡಿಯಾಗಿದ್ದ, ಬಸವಳಿದಿದ್ದ ಒಬ್ಬ ಸಭ್ಯ ಮನುಷ್ಯ ಎದ್ದು ನಿಂತರು. "ಇಂಥ ವ್ಯತ್ಯಾಸ ಸಾಮಾನ್ಯ ಎಂದು ಬರೆದಿದ್ದೀರಿ. ನಿಮಗೆ ಹೇಗೆ ಗೊತ್ತು? ನೀವು ಪಂಜಾಬಿನವರಲ್ಲ. ಇದರ ಬಗ್ಗೆ ಅಧ್ಯಯನ ಮಾಡಿದ್ದೀರಾ?"

ಇಲ್ಲ ಎಂದೆ.

"ಮತ್ತೆ?"

ದರ್ಜಿಯನ್ನು ನೋಡಿದೆ. ಅವರು ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಅನುವಾದಕರ ಮಾತಿಗೆ ಕಾಯುತ್ತಿದ್ದರು, ಸರಿಯಾಗಿ ನೆಟ್ಟಗಾಗದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.

"ನನಗೂ ಎರಡಿವೆ," ಎಂದೆ. "ನನ್ನ ಎಲ್ಲ ಕಾಗದಗಳಲ್ಲೂ ಇರುವುದು ಸ್ಕೂಲಿನಲ್ಲಿ ಕೊಟ್ಟದ್ದು. ನಾನು ಹುಟ್ಟಿದ ದಿನ ಅದಲ್ಲ. ಅವರು ಎರಡು ತಾರೀಖು ಹೇಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನನ್ನದನ್ನು ಬರೆಯುವಾಗ ಯಾವಾಗಲೂ ಸ್ಕೂಲಿನದೇ ಬರೆದುಕೊಂಡವನು, ಅವರಿಗೆ ಮಾತ್ರ ಅಮ್ಮನದನ್ನು ಬರೆದೆ. ತಪ್ಪು ನನ್ನದು. ಅವರು ನನಗೆ ಎರಡನ್ನೂ ಹೇಳಿದ್ದರು."

ಆಕಾಶ ಕಳಚಿ ಬೀಳಲಿಲ್ಲ. ಆ ವಕೀಲರು ಮೂಗು ಒರೆಸಿಕೊಂಡು, ಬೇರೆ ಪ್ರಶ್ನೆಗಳಿಲ್ಲ ಎಂದರು. ಜಡ್ಜ್ ಏನೋ ಬರೆದುಕೊಂಡರು. ನಾನು ಇಳಿದು ಬಂದು ಕೂತೆ.

ತೀರ್ಪನ್ನು ಜಡ್ಜ್ ಅಂದೇ ಬಾಯಿಮಾತಿನಲ್ಲಿ ಹೇಳಿದರು. ಮುಕ್ಕಾಲು ಗಂಟೆಯ ಇಂಗ್ಲಿಷ್. ಅನುವಾದಕರು ಪ್ರತಿ ಮಾತಿಗೂ ನಾಲ್ಕು ಮಾತು ಹಿಂದೆ ಇದ್ದರು. ಅದರಿಂದ ದರ್ಜಿ ಆ ಧ್ವನಿಯನ್ನು ಬಿಟ್ಟು ನನ್ನ ಮುಖವನ್ನು ನೋಡತೊಡಗಿದರು. ತಾರೀಖಿನ ವಿವರಣೆಯನ್ನು ಒಪ್ಪಿದ್ದೇನೆ ಎಂದು ಜಡ್ಜ್ ಹೇಳಿದರು. ಇವರ ಮಾತನ್ನು ನಂಬುತ್ತೇನೆ ಎಂದರು. ಕೊನೆಗೆ ಆಶ್ರಯ ಕೊಡಲಾಗಿದೆ ಎಂಬ ಮಾತೂ ಬಂತು. ಆದರೆ ನನ್ನ ಮುಖ ಐವತ್ತು ವರ್ಷದ ಚಿಂತೆಯಲ್ಲಿ ಅಚ್ಚಾದದ್ದು. ಒಳ್ಳೆಯ ಸುದ್ದಿಗೆಂದು ಅದರಲ್ಲಿ ಬೇರೆ ಆಕಾರವೇ ಇಲ್ಲ. ಅದನ್ನು ನೋಡಿ ಅವರು ಸೋತೆನೆಂದೇ ತಿಳಿದು, ಮುಖ ಮುಚ್ಚಿಕೊಂಡು ಅಳತೊಡಗಿದರು. ನಾನು ಮಾತಾಡುವ ಹಾಗಿರಲಿಲ್ಲ. ತಲೆ ಆಡಿಸಿದೆ, ಕೈ ಆಡಿಸಿದೆ. ಅದೂ ಸಮಾಧಾನ ಹೇಳಿದ ಹಾಗೆಯೇ ಕಂಡಿರಬೇಕು. ಅಷ್ಟರಲ್ಲಿ ಅನುವಾದಕರು ಆ ಮಾತಿಗೆ ಬಂದು ಮುಟ್ಟಿದರು. ದರ್ಜಿ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡರು.

ಹೊರಗೆ ಹ್ಯೂಸ್ಟನ್‌ನಿಂದ ಬಂದಿದ್ದ ಅವರ ಚಿಕ್ಕಪ್ಪನ ಮಕ್ಕಳು ಕಾದಿದ್ದರು. ಅಪ್ಪಿಕೊಂಡರು, ಎತ್ತಿಕೊಂಡರು, ಫೋನಿನಲ್ಲಿ ಪಂಜಾಬಿನ ಅಕ್ಕನ ಮನೆಗೆ ಕರೆ ಹೋಯಿತು. ದರ್ಜಿ ನನ್ನನ್ನು ಎಳೆದು ಆ ಸಣ್ಣ ಪರದೆಯ ಮುಂದೆ ನಿಲ್ಲಿಸಿ, "ಇವರೇ ಸರ್‌ಜೀ," ಎಂದರು. ಅವರ ಹೆಂಡತಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ನನ್ನನ್ನು ನೋಡಿದರು. ನಾನು ಕೈಮುಗಿದೆ. "ಊಟಕ್ಕೆ ಬನ್ನಿ, ಸಂಜೆಯೇ ಹ್ಯೂಸ್ಟನ್‌ಗೆ ಹೊರಟುಬಿಡ್ತೀವಿ, ಇನ್ನು ಅಲ್ಲೇ," ಎಂದರು ತಮ್ಮಂದಿರು. ಆಫೀಸಿದೆ ಎಂದೆ. ಆಫೀಸಿಗೆ ಇಡೀ ದಿನ ರಜೆ ಹಾಕಿದ್ದೆ. ಅವರ ಸಂತೋಷದ ನಡುವೆ ನನ್ನ ಮುಖ ಹೊತ್ತುಕೊಂಡು ಕೂರುವುದು ಹೇಗೆಂದು ತಿಳಿಯಲಿಲ್ಲ.

ಕಾರಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದೆ. ಮೀಟಿಂಗ್‌ನಲ್ಲಿದ್ದಳು. ಮಗಳಿಗೆ ಕನ್ನಡದಲ್ಲಿ ದೊಡ್ಡ ವಾಯ್ಸ್ ಮೆಸೇಜ್ ಕಳಿಸಿದೆ. ಕ್ಲಾಸಿನ ಮಧ್ಯೆಯೇ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಕಾಪೆಲ್‌ನ ಗೆಳೆಯನ ನಂಬರು ತೆಗೆದೆ, ಲೈನಿನ ಮಾತು ನೆನಪಾಗಿ ಒತ್ತಲಿಲ್ಲ. ಕೋರ್ಟಿನಲ್ಲಿ ಹೇಳಿದ ಮಾತು ನನ್ನ ಫೈಲಿಗೆ ಹೋಗಿ ಸೇರುತ್ತದೋ ಇಲ್ಲವೋ, ಆ ಚಿಂತೆ ಅಷ್ಟು ಹೊತ್ತಿಗೆ ಎದ್ದು ಕೂತಿತ್ತು. ಇವತ್ತಿಗೂ ಅದು ನನ್ನ ಜೊತೆಯಲ್ಲೇ ಇದೆ. ಅಂಚೆ ಡಬ್ಬಿ ತೆರೆಯುವಾಗ ಅದೇ ಮೊದಲು ಕೈ ಹಾಕುತ್ತದೆ. ಆದರೆ ಆವತ್ತು ಅದಕ್ಕಿಂತ ಮೇಲೆ ಇನ್ನೊಂದು ಇತ್ತು, ದರ್ಜಿ ಗೆದ್ದ ಖುಷಿ. ಯಾರಿಗಾದರೂ ಹೇಳಬೇಕಿತ್ತು.

ಪಾರ್ಕಿಂಗ್‌ನ ಗೇಟಿನಲ್ಲಿ ಕೂತಿದ್ದ ಮುದುಕ ನನ್ನ ಚೀಟಿ ತೆಗೆದುಕೊಂಡು, ಎಲ್ಲರನ್ನೂ ಕೇಳುವ ಹಾಗೆ, ದಿನ ಹೇಗಿದೆ ಎಂದ.

"ಅವರನ್ನ ನಂಬಿದರು," ಎಂದೆ.

"ಯಾರನ್ನ?"

"ಒಬ್ಬ ದರ್ಜಿಯನ್ನ. ಇನ್ನು ಅವರು ಇಲ್ಲೇ ಇರಬಹುದು."

ಮುದುಕ ನನ್ನ ಮುಖವನ್ನು ಎರಡು ಸಲ ನೋಡಿದ, ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಿ ನೋಡುವವನ ಹಾಗೆ. ಆಮೇಲೆ, "ಹಾಗಾದರೆ ಒಳ್ಳೆಯದೇ ಆಯಿತು," ಎಂದು ಗೇಟು ಎತ್ತಿದ. ಹಿಂದೆ ಯಾರೂ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಅವನಿಗೆ ಕೋಟಿನ ಬಣ್ಣದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಪಾಪ, ಕೇಳಿಸಿಕೊಂಡ.