ಹನ್ನೊಂದು ನಿಮಿಷದ ಹಿರಿತನ

ಚಿಕ್ಕಿ ಮತ್ತು ಅವಳ ಅಕ್ಕ ಅವಳಿ-ಜವಳಿ. ಅಕ್ಕ ಹನ್ನೊಂದು ನಿಮಿಷಕ್ಕೆ ದೊಡ್ಡವಳು. ಹನ್ನೊಂದು ನಿಮಿಷದಲ್ಲಿ ಏನಾಗುತ್ತದೆ? ಒಂದು ಪಾತ್ರೆ ಹಾಲು ಕಾಯಬಹುದು, ಒಂದು ಜಡೆ ಹೆಣೆದು ಮುಗಿಯಬಹುದು. ಆದರೆ ಅಷ್ಟರಲ್ಲೇ ಅಕ್ಕ ಅರವತ್ತು ವರ್ಷಕ್ಕಾಗುವಷ್ಟು ಅಧಿಕಾರ ಗಿಟ್ಟಿಸಿಕೊಂಡಿದ್ದಳು. ಸ್ನಾನಕ್ಕೆ ಮೊದಲು ಅವಳು, ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಮನೆಯಲ್ಲಿ ಬೆಕ್ಕು ಸಾಕಬೇಕೋ ಬೇಡವೋ ಎಂದು ತೀರ್ಮಾನಿಸುವವಳೂ ಅವಳೇ. ಬೇಡ ಎಂದು ತೀರ್ಮಾನವಾಗಿತ್ತು.

ಅಪ್ಪ ಬಿಟ್ಟುಹೋದ ಬ್ಯಾಗು ರಿಪೇರಿ ಅಂಗಡಿಯಲ್ಲೂ ಅದೇ ಏರ್ಪಾಡು. ಮುಂದೆ ಕೌಂಟರಿನಲ್ಲಿ ಅಕ್ಕ, ಗಿರಾಕಿಗಳ ಜೊತೆ ಮಾತು. ಹಿಂದೆ ಪರದೆಯ ಮರೆಯಲ್ಲಿ ಚಿಕ್ಕಿ, ಹಲ್ಲು ಕಿತ್ತ ಜಿಪ್ಪು, ಕಳಚಿದ ಹಿಡಿ, ಮುರಿದ ಚಕ್ರಗಳ ಜೊತೆ ಮೌನ. ಅಕ್ಕ ಒಪ್ಪಿಕೊಂಡದ್ದನ್ನೆಲ್ಲ ಚಿಕ್ಕಿ ಹೊಲಿದು ಕೊಡಬೇಕು. ಹೊತ್ತಿಗೆ ಸರಿಯಾಗಿ ಆಗದಿದ್ದಾಗ, "ಅವಳು ಯಾಕೆ ಒಪ್ಪಿಕೊಳ್ಳಬೇಕಿತ್ತು?" ಎಂದು ಗೊಣಗಿಕೊಂಡರೆ ಚಿಕ್ಕಿಯ ಮನಸ್ಸು ಹಗುರ.

ಮನೆ ಅಂಗಡಿಯ ಮೇಲೆಯೇ. ಅಲ್ಲಿ ಅಕ್ಕ, ಪೋಸ್ಟಾಫೀಸಿನಿಂದ ನಿವೃತ್ತನಾದ ಭಾವ ಮತ್ತು ಚಿಕ್ಕಿ, ಮೂರೇ ಜನ. ಚಿಕ್ಕಿ ಮದುವೆಯಾಗಿರಲಿಲ್ಲ. ಒಮ್ಮೆ ಕೂಡಿಬಂದಿತ್ತು. ಗಾಜಿನ ಅಂಗಡಿಯವನೊಬ್ಬ ಮೆಚ್ಚಿ ಕೇಳಿದ್ದ. ದೊಡ್ಡವಳದಾಗದೆ ಚಿಕ್ಕವಳದು ಹೇಗೆ ಎಂದು ಮಾತು ನಿಂತಿತು. ಅಕ್ಕನಿಗೆ ಗಂಡು ಸಿಗುವಷ್ಟರಲ್ಲಿ ಗಾಜಿನವನಿಗೆ ಎರಡು ಮಕ್ಕಳಾಗಿದ್ದವು. ಈ ಕಥೆಯನ್ನು ಚಿಕ್ಕಿ ವರ್ಷಕ್ಕೆರಡು ಸಲ ನಿಟ್ಟುಸಿರಿನ ಸಮೇತ ಹೇಳುತ್ತಿದ್ದಳು, ಅಕ್ಕನ ಕಿವಿಗೆ ಬೀಳುವಷ್ಟು ದೂರದಲ್ಲಿ ನಿಂತು.

ಅರವತ್ತೊಂದು ತುಂಬಿದ ತಿಂಗಳಲ್ಲಿ ಇಬ್ಬರೂ ಸೋದರತ್ತೆಯನ್ನು ನೋಡಲು ಹೋದರು. ಎಪ್ಪತ್ತಾರರ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದಳು, ಬಾಯಿಗೇನೂ ಪೆಟ್ಟಾಗಿರಲಿಲ್ಲ. ಅಕ್ಕ ಔಷಧಿ ತರಲು ಹೊರಗೆ ಹೋದದ್ದೇ ತಡ, ಅತ್ತೆ ಚಿಕ್ಕಿಯ ಬಲಗಿವಿ ಹಿಡಿದು ಬಗ್ಗಿಸಿ ಹಿಂದೆ ಇಣುಕಿದಳು.

"ಇದೆ, ಮಚ್ಚೆ ಇನ್ನೂ ಇದೆ! ಕೇಳೇ, ಮೊದಲು ಹುಟ್ಟಿದ್ದು ನೀನು."

"ಏನತ್ತೆ ಹೀಗಂತೀರಾ?"

"ನರ್ಸಮ್ಮ ಮೊದಲನೇ ಮಗು ಕಾಲಿಗೆ ದಾರ ಕಟ್ಟಿದ್ಲು. ನಿಮ್ಮನ್ನ ತೊಳೆಯೋವಾಗ ನನ್ನ ಕೈಲಿ ಅದು ಬಿಚ್ಚಿಹೋಯ್ತು. ನನಗಾಗ ಹದಿನೈದು. ಬೈತಾರೆ ಅಂತ ಹೆದರಿ, ದಪ್ಪಗಿದ್ದದ್ದರ ಕಾಲಿಗೆ ಕಟ್ಟಿಬಿಟ್ಟೆ. ಮೊದಲು ಬಂದದ್ದರ ಕಿವಿ ಹಿಂದೆ ಮಚ್ಚೆ ಇತ್ತು ಅನ್ನೋದು ಆಮೇಲೆ ನೆನಪಾಯ್ತು."

"ಆಗಲೇ ಹೇಳಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ ಕಣೇ. ಅಷ್ಟರಲ್ಲಿ ನಿಮಗೆ ಹಲ್ಲು ಬಂದಿತ್ತು."

ಚಿಕ್ಕಿ ಮೂರು ದಿನ ಯಾರಿಗೂ ಹೇಳಲಿಲ್ಲ. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳ ಹಾಗೆ ಒಬ್ಬಳೇ ಚಪ್ಪರಿಸಿದಳು. ನಾಲ್ಕನೆಯ ದಿನ ಬೆಳಗ್ಗೆ ಭಾವ ಎಂದಿನಂತೆ ಮೊದಲ ಲೋಟ ಟೀ ಅಕ್ಕನ ಮುಂದಿಡಲು ಹೋದಾಗ ಕೈ ಚಾಚಿ ತಡೆದಳು.

"ಮೊದಲು ದೊಡ್ಡವರಿಗೆ ಕೊಡಿ."

ವಿಷಯ ಕೇಳಿ ಅಕ್ಕ ನಕ್ಕುಬಿಟ್ಟಳು. "ಅತ್ತೆಗೆ ಪೆಟ್ಟಾದದ್ದು ಕಾಲಿಗೆ ಮಾತ್ರ ಅಂದ್ಕೊಂಡಿದ್ದೆ." ಆದರೆ ಫೋನ್ ಮಾಡಿದಾಗ ಅತ್ತೆ ಎಲ್ಲವನ್ನೂ ಇನ್ನೊಮ್ಮೆ, ದಾರದ ಬಣ್ಣದ ಸಮೇತ, ಒಪ್ಪಿಸಿದಳು. ಅಕ್ಕನ ಮುಖ ಸಪ್ಪಗಾಯಿತು. ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಭಾವ.

"ಹಾಗಾದ್ರೆ ನಾನು ನಿನ್ನ... ನಿಮ್ಮನ್ನ... ಅತ್ತಿಗೆ ಅನ್ನಬೇಕಾ?"

"ಅನ್ನಿ. ನೀವು ಇನ್ಮೇಲೆ ನನಗೆ ಭಾವ ಅಲ್ಲ. ಏನಾಗ್ತೀರೋ ಆಮೇಲೆ ಯೋಚಿಸ್ತೀನಿ."

ಅಂದಿನಿಂದಲೇ ಚಿಕ್ಕಿ ಕೌಂಟರಿಗೆ ಬಂದಳು. ಅಕ್ಕ ಪರದೆಯ ಹಿಂದೆ ಹೋಗಿ ಕುಳಿತಳು. ಇವಳಿಗೆ ಎರಡು ದಿನದಲ್ಲಿ ಸಾಕಾಗುತ್ತದೆ ಎಂಬುದು ಅವಳ ಲೆಕ್ಕ.

ಲೆಕ್ಕ ತಪ್ಪಿತು. ಸಾಧು, ಬಾಯಿಲ್ಲದವಳು ಎಂದು ಬೀದಿಯೆಲ್ಲ ನಂಬಿದ್ದ ಚಿಕ್ಕಿಗೆ ಬಾಯಿ ಇತ್ತು. ಇಷ್ಟು ವರ್ಷ ಬಳಸದೆ ಇಟ್ಟಿದ್ದರಿಂದ ಹರಿತವಾಗಿಯೂ ಇತ್ತು. ಆರನೆಯ ಸಲ ಅದೇ ಕೈಚೀಲ ತಂದ ಮೇಷ್ಟ್ರಿಗೆ, "ಇದಕ್ಕೆ ರಿಪೇರಿ ಬೇಡ ಸಾರ್, ಮುಕ್ತಿ ಕೊಡಿ" ಎಂದಳು. ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ಪು ಎಳೆದು ಹರಿದುಕೊಂಡು ಬಂದ ಹೆಂಗಸಿಗೆ, "ತಪ್ಪು ಜಿಪ್ಪಿಂದಲ್ಲಮ್ಮ, ಕೂತವರದ್ದು" ಎಂದಳು. ಹೇಳಿದ ಮೇಲೆ ತನ್ನ ಬಾಯಿಂದಲೇ ಬಂತೇ ಎಂದು ಬೆರಗಾಗಿ, ಆ ಮಾತನ್ನೇ ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡು ಖುಷಿಪಟ್ಟಳು. ಮೇಷ್ಟ್ರು ಮಾತ್ರ ಮಾರನೆಯ ದಿನ ಬೇರೆ ಚೀಲ ಹಿಡಿದು ಬಂದರು, ಜೊತೆಗೆ ಇನ್ನಿಬ್ಬರು ಮೇಷ್ಟ್ರುಗಳನ್ನು ಕರೆದುಕೊಂಡು.

ಎಂಟನೆಯ ದಿನ ಚಿಕ್ಕಿಯ ತಲೆ ಸ್ವಲ್ಪ ಹೆಚ್ಚೇ ತಿರುಗಿತ್ತು. ಒಬ್ಬ ಗಿರಾಕಿ ಹೆಗಲಚೀಲ ಹಿಡಿದು ನಿಂತಿದ್ದಂತೆಯೇ, ಪರದೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ನಾನೇ ದೊಡ್ಡವಳು ಅಂತ ಅವತ್ತೇ ಗೊತ್ತಾಗಿದ್ರೆ, ಇಷ್ಟೊತ್ತಿಗೆ ಗಾಜಿನ ಅಂಗಡಿ ಯಜಮಾನಿ ಆಗಿರ್ತಿದ್ದೆ."

ಪರದೆ ಸರ್ರನೆ ಸರಿಯಿತು. ಅಕ್ಕ ಸೂಜಿ ಹಿಡಿದುಕೊಂಡೇ ಹೊರಗೆ ಬಂದಳು.

"ಸುಳ್ಳು ಹೇಳಬೇಡ. ಅಪ್ಪ ಒಪ್ಪಿದ್ರು. ಅವಳದೇ ಮೊದಲಾಗಲಿ ಅಂತ ನಾನೂ ಅಂದಿದ್ದೆ. ಬಾಗಿಲ ಸಂದೀಲಿ ನಿಂತು 'ಅಕ್ಕನದಾಗದೆ ನಾನು ಮಾಡ್ಕೊಳಲ್ಲ' ಅಂತ ಕಣ್ಣೀರು ಹಾಕಿದ್ಯಾರು?"

"ಯಾರು?"

"ನೀನು! ಎಲ್ಲರೂ ನಿನ್ನ ತ್ಯಾಗ ಹೊಗಳಿದ್ರು. ನನಗೆ ಮಾತ್ರ ತಂಗಿ ಬಾಳಿಗೆ ಅಡ್ಡ ಬಂದವಳು ಅನ್ನೋ ಹೆಸರು ಇವತ್ತಿಗೂ ಹೋಗಿಲ್ಲ."

"ನನ್ನ ಜಿಪ್ಪು..." ಎಂದ ಗಿರಾಕಿ.

"ಸ್ವಲ್ಪ ತಾಳಿ!" ಎಂದರು ಇಬ್ಬರೂ.

ಚಿಕ್ಕಿ ಸ್ಟೂಲಿನ ಮೇಲೆ ಕುಳಿತಳು. ಎಲ್ಲವೂ ಕಣ್ಣ ಮುಂದೆ ಬಂತು. ಗಾಜಿನವನು ಊಟ ಮಾಡುವಾಗ ಮೂಗಿನಲ್ಲಿ ಕುಯ್ಯೆಂದು ಶಬ್ದ ಬರುತ್ತಿದ್ದದ್ದು. ಕೈ ತೊಳೆದುಕೊಂಡು ಬಂದವನೇ "ನನಗೆ ಮಾತಾಡೋ ಹೆಂಗಸರು ಆಗಲ್ಲ, ಇವರು ಒಳ್ಳೇ ಗೂಡಿನಲ್ಲಿರೋ ಗೊಂಬೆ ಹಾಗಿದ್ದಾರೆ" ಎಂದು ಮೆಚ್ಚಿಕೊಂಡದ್ದು. ಅದನ್ನು ಕೇಳಿ ಅವಳ ಮೈಯೆಲ್ಲ ಉರಿದಿತ್ತು. ಬೇಡ ಎನ್ನಲು ಧೈರ್ಯ ಸಾಲದೆ ಅಕ್ಕನನ್ನು ಅಡ್ಡ ಹಿಡಿದಿದ್ದಳು. ಆಮೇಲೆ ಅಡ್ಡ ಹಿಡಿದದ್ದನ್ನೇ ಮರೆತು, ಅದೇ ಅಕ್ಕನ ಮೇಲೆ ಮೂವತ್ತೈದು ವರ್ಷ ನಿಟ್ಟುಸಿರು ಬಿಟ್ಟಿದ್ದಳು.

"ಅಕ್ಕ," ಎಂದಳು, ಹಳೆಯ ರೂಢಿಯಲ್ಲೇ. "ನನಗೆ ಅವನು ಬೇಡವಾಗಿತ್ತು ಕಣೇ."

"ಗೊತ್ತು. ನಿನ್ನ ಮುಖ ನೋಡಿದ್ರೆ ಕುರುಡನಿಗೂ ಗೊತ್ತಾಗ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ದೊಡ್ಡವಳಲ್ವಾ," ಎಂದಳು ಅಕ್ಕ. ಹೇಳಿದ ಕೂಡಲೇ ತನ್ನ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡಳು. ಮೊದಲು ನಕ್ಕವಳು ಚಿಕ್ಕಿ. ಅಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿ, ಕೌಂಟರಿಗೆ ಒರಗಿ ನಕ್ಕಳು. ಪಾಪ, ಗಿರಾಕಿ ಚೀಲ ಅಲ್ಲೇ ಬಿಟ್ಟು ನಾಳೆ ಬರುತ್ತೇನೆಂದು ಹೋದ.

ಆಮೇಲೆ ಹಿರಿತನದ ಜಗಳ ತಾನಾಗಿಯೇ ಸವೆಯಿತು. ಅಕ್ಕ ಪರದೆಯ ಹಿಂದೆಯೇ ಉಳಿದಳು. ದಿನವಿಡೀ ಜನರಿಗೆ ಹಲ್ಲುಕಿರಿಯುವುದು ತಪ್ಪಿದ್ದು ಅವಳಿಗೂ ಹಿತವಾಗಿತ್ತು. ಹೊಲಿಗೆ ಮಾತ್ರ ಸೊಟ್ಟ. ಸಂಜೆ ಚಿಕ್ಕಿ ಅರ್ಧದಷ್ಟನ್ನು ಬಿಚ್ಚಿ ಮತ್ತೆ ಹಾಕುವಳು. ಭಾವ ಅತ್ತಿಗೆ, ನಾದಿನಿ ಎರಡನ್ನೂ ಕೈಬಿಟ್ಟು "ಮೇಡಂ" ಎನ್ನತೊಡಗಿದ.

ಮುಂದಿನ ತಿಂಗಳು ಅಂಗಡಿಯ ಶಟರಿಗೆ ಬಣ್ಣ ಬಳಿಯುವವನು ಬಂದ. "ಯಾವ ಬಣ್ಣ ಅಮ್ಮ?" ಎಂದು ಕೌಂಟರಿನ ಮೇಲೆ ಬಣ್ಣದ ಪಟ್ಟಿ ಹರಡಿದ. ಚಿಕ್ಕಿ ಕನ್ನಡಕ ಏರಿಸಿ ನೋಡಿದಳು. ತನಗೆ ಯಾವ ಬಣ್ಣ ಇಷ್ಟ ಎನ್ನುವುದು ಅವಳಿಗೆ ತಿಳಿದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಬಣ್ಣದವನು ಎರಡು ಟೀ ಕುಡಿದು ಮುಗಿಸುವವರೆಗೂ ಪಟ್ಟಿಯ ಮೇಲೆ ಬೆರಳು ಓಡಾಡಿತು. ಕೊನೆಗೆ ಗಿಳಿಹಸಿರಿನ ಮೇಲೆ ನಿಂತಿತು.

ಬಣ್ಣ ಒಣಗಿದ ಮೇಲೆ ಇಬ್ಬರೂ ರಸ್ತೆಯ ಆ ಕಡೆ ನಿಂತು ನೋಡಿದರು. ಎದುರಿನ ಔಷಧಿ ಅಂಗಡಿಯವನು ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದ, "ಇದನ್ನ ಆರಿಸಿದ್ದು ಯಾರಮ್ಮ?"

"ನಾನೇ," ಎಂದಳು ಚಿಕ್ಕಿ, ಎದೆಯುಬ್ಬಿಸಿ. "ಎಷ್ಟು ಕೆಟ್ಟದಾಗಿದೆ ಅಲ್ವಾ?"

ಬೇರೆ ಬಳಿಸೋಣ ಎಂದ ಭಾವನ ಮಾತಿಗೆ ಅವಳು ಒಪ್ಪಲಿಲ್ಲ. ಇನ್ನೊಂದು ವರ್ಷ ಹೀಗೇ ಇರಲಿ ಎಂದು ಒಳಗೆ ಹೋಗಿ, ಕಾದು ನಿಂತಿದ್ದ ಮೇಷ್ಟ್ರ ಚೀಲ ಕೈಗೆತ್ತಿಕೊಂಡಳು.