ತಂಬಿಗೆ ತುಳುಕದ ಗಾಡಿ

ಮುರಗೋಡಕ್ಕೆ ಬಾಡಿಗೆಗೆ ಬಂದ ಮೊದಲ ಭಾನುವಾರ, ಎದುರುಮನೆಯ ಅಂದಾನೆಪ್ಪನವರ ಹಳೆಯ ಪಿಕಪ್ ಗಾಡಿಯ ಹಿಂಭಾಗದಲ್ಲಿ ತುಂಬಿದ ತಂಬಿಗೆಯೊಂದು ಕುಳಿತು ಬಂತು. ಮಠದ ತೀರ್ಥವೆಂದು ತಿಳಿದು ನಾನು ಚಪ್ಪಲಿ ಬಿಟ್ಟು ಅಂಗೈ ಚಾಚಿದೆ. "ಕುಡೀಬ್ಯಾಡ್ರಿ ಸಾಹೇಬ್ರ, ರೇಡಿಯೇಟರಿಗೆ ಹಾಕೂ ನೀರದು," ಎಂದರು. ಗೊಬ್ಬರದಂಗಡಿಯಲ್ಲಿ ಚೀಟಿ ಬರೆಯುವ ನಾನು ಸಾಹೇಬನೆನಿಸಿಕೊಂಡದ್ದು ಅದೊಂದೇ ಸಲ. ಊರಿನ ಗಾಡಿಯವರೆಲ್ಲ ಹೆಚ್ಚು ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಕಬ್ಬಿಣದ ಪಟ್ಟಿ ಸೇರಿಸಿದರೆ, ಇವರು ಪ್ರತಿ ಭಾನುವಾರ ಪಟ್ಟಿ ಬಿಚ್ಚುವುದೇನು, ಟೈರಿನ ಗಾಳಿ ಇಳಿಸುವುದೇನು, ಹಲಗೆಯ ಕೆಳಗೆ ಟ್ರ್ಯಾಕ್ಟರಿನ ಹಳೆಯ ಟ್ಯೂಬು ತುರುಕುವುದೇನು! ಬಳಿಕ ತಂಬಿಗೆ ತುಂಬಿ ಹಿಂದಿಟ್ಟು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುತ್ತಾರೆ. ಒಂದು ಹನಿ ಚೆಲ್ಲಿದ್ದರೂ ಮತ್ತೆ ಗಾಡಿಯ ಕೆಳಗೆ ನುಸುಳುತ್ತಾರೆ. ಮುದಿ ಎತ್ತು ಕೂಡ ಆ ಗಾಡಿಯನ್ನು ಹಿಂದೆ ಹಾಕೀತು. "ಗಾಡಿ ಅಲ್ಲೋ ಮಾರಾಯಾ, ತೊಟ್ಟಿಲಾ!" ಎಂದು ಓಣಿಯವರು ನಕ್ಕರೆ, "ಹೌದಪಾ, ತೊಟ್ಟಿಲನ," ಎನ್ನುತ್ತ ನಟ್ಟು ಬಿಗಿಯುತ್ತಾರೆ. ಸೋಮವಾರ ಬೆಳಿಗ್ಗೆ ಆ ಹಲಗೆಯ ಮೇಲೆ ಗಾದಿ ಹಾಸಿ, ಬಿದ್ದು ಬೆನ್ನೆಲುಬು ಮುರಿದುಕೊಂಡ ಹೆಂಡತಿ ಭಾಗೀರಥಿಯವರನ್ನು ಮಲಗಿಸಿಕೊಂಡು ಬೈಲಹೊಂಗಲದ ದವಾಖಾನೆಗೆ ಹೊರಡುತ್ತಾರೆ. ಹೋದ ವಾರ ಆಕೆ ಮೊದಲ ಬಾರಿಗೆ ದಾರಿಯುದ್ದಕ್ಕೂ ನರಳಲಿಲ್ಲವಂತೆ. ಕೇಳಬಾರದ್ದನ್ನು ಕೇಳುವುದರಲ್ಲಿ ನಾನು ಪಳಗಿದವನು, ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿಯೇಬಿಟ್ಟೆ: "ಕಾಕಾ, ಕಾಕು ಬಿದ್ದದ್ದರ ಹೆಂಗ್ರಿ?" ಕೆಳಗೆ ಅವರ ಕೈ ನಿಲ್ಲಲಿಲ್ಲ. "ಇದ ಗಾಡಿ ಮ್ಯಾಲಿಂದ. ಆಕಿ ಹಿಂದ ಕುಂತಾಳ ಅನ್ನೂದು ಮರತು, ಜೋರ ಹೊಡದಾಂವ ನಾನ."