ಟ್ರೇಲರಿನಲ್ಲಿ ಕೇಳಿದ ಕೆಮ್ಮು

ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳದೆ ನಾನು ಒಲೆ ಹೊತ್ತಿಸಿದವಳಲ್ಲ. ಆದರೂ ಎದುರಿಗೆ ಇಲ್ಲದವರ ಸದ್ದು ಕೇಳಿತೆಂದು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದೆ. ದೇವರಿಗೆ ಅಂಥ ಆಟಗಳೆಲ್ಲ ಯಾಕೆ ಬೇಕು ಅನ್ನಿಸುತ್ತಿತ್ತು. ಈಗ ನಗುವುದಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ಹಲಗೇರಿಯಿಂದ ಉಳವಿಯ ಜಾತ್ರೆಗೆ ಅತ್ತೆ, ಮಕ್ಕಳನ್ನು ಕರೆದುಕೊಂಡು ನಮ್ಮ ಟ್ರ್ಯಾಕ್ಟರಿನಲ್ಲಿ ಹೊರಟಿದ್ದೆವು. ಟ್ರೇಲರಿಗೆ ಬಿದಿರು ಬಗ್ಗಿಸಿ ತಾಡಪತ್ರಿ ಹೊದಿಸಿ, ಕೆಳಗೆ ಹುಲ್ಲು, ಮೇಲೆ ಜಮಖಾನೆ ಹಾಸಿದ್ದೆವು. ಐದು ದಿನ ಅದೇ ಮನೆ. ರೊಟ್ಟಿಯ ಗಂಟು, ಸ್ಟೋವು, ನೀರಿನ ಕೊಡ ಎಲ್ಲ ಅದರಲ್ಲೇ.

ನನ್ನ ನಾದಿನಿ ಗಂಗವ್ವ ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಹೊರಡುವ ಹಿಂದಿನ ದಿನ ಬಂದು, "ವೈನಿ, ನಾನೂ ಬರ್ಲೇನ್ರಿ? ಒಂದು ಮೂಲ್ಯಾಗ ಕುಂದರ್ತೀನಿ" ಎಂದು ಕೇಳಿದಳು. ಅವಳಿಗೆ ಹಳೆಯ ಕೆಮ್ಮು. ಮೂರು ಸಲ ಚಿಕ್ಕದಾಗಿ ಕೆಮ್ಮಿ, ಆಮೇಲೊಂದು ಉದ್ದಕ್ಕೆ ಎಳೆಯುವಳು. ದಾರಿಯುದ್ದಕ್ಕೂ ಅದನ್ನು ಕೇಳುವುದು ನನಗೆ ಬೇಡವಾಗಿತ್ತು. ಜಾಗ ಇಲ್ಲ ಎಂದೆ. ಅತ್ತೆಗೆ ಮಾತ್ರ, ಅವಳೇ ಒಲ್ಲೆ ಅಂದಳು ಎಂದು ಹೇಳಿದೆ. ಬ್ಯಾಡಗಿಯಲ್ಲಿ ನನ್ನ ಅಕ್ಕನನ್ನು ಹತ್ತಿಸಿಕೊಂಡು ಒಂದು ಮೂಲೆಯಲ್ಲಿ ಕೂರಿಸಿದೆ.

ದರ್ಶನ ಚೆನ್ನಾಗಿ ಆಯಿತು. ಮಕ್ಕಳಿಗೆ ಒಂದು ನೆಗಡಿ ಕೂಡ ಬರಲಿಲ್ಲ. ಮರಳುವಾಗ ಹಾವೇರಿಯಲ್ಲಿ ಚಹಾ ಕುಡಿದು, ಬ್ಯಾಡಗಿಯಲ್ಲಿ ಅಕ್ಕನನ್ನು ಇಳಿಸಿ, ರಾಣೇಬೆನ್ನೂರಿನ ದಾರಿ ಹಿಡಿದೆವು. ಮಟಮಟ ಮಧ್ಯಾಹ್ನ. ಅಕ್ಕ ಎದ್ದುಹೋದ ಖಾಲಿ ಮೂಲೆಯಿಂದ ಕೆಮ್ಮು ಕೇಳಿತು. ಮೂರು ಚಿಕ್ಕದು, ಒಂದು ಉದ್ದ.

"ಯವ್ವಾ, ಗಂಗತ್ತಿ ಕೆಮ್ಮಾಕತ್ತಾಳ" ಎಂದಳು ಮಗಳು.

ಮತ್ತೆ ಕೇಳಿತು. ಅತ್ತೆ ಚರಿಗೆ ತೆಗೆದುಕೊಂಡು ಟ್ರೇಲರಿನ ಮುಂದಿನ ತಗಡನ್ನು ಧಡಧಡ ಬಡಿದರು. "ನಿಲ್ಸೋ! ನನ್ನ ಮಗಳ ಕೆಮ್ಮು ನನಗ ಗೊತ್ತಾಗಂಗಿಲ್ಲೇನು?"

ಟ್ರ್ಯಾಕ್ಟರ್ ಓಡಿಸುತ್ತಿದ್ದ ನಮ್ಮ ಯಜಮಾನರು ಇಳಿದು ಬಂದರು. "ಯವ್ವಾ, ಐದು ದಿನದ ಬುತ್ತಿ ನಿನ್ನ ತೆಲಿಗೆ ಏರೈತಿ ನೋಡು" ಎಂದು ನಗುತ್ತಲೇ ಕೊಂಡಿಯ ಕಡೆ ಕಣ್ಣು ಹಾಯಿಸಿದವರು ತಟ್ಟನೆ ಬಗ್ಗಿ ನೋಡಿದರು. ಟ್ರೇಲರನ್ನು ಟ್ರ್ಯಾಕ್ಟರಿಗೆ ಹಿಡಿದಿದ್ದ ಪಿನ್ನು ಮೇಲೆದ್ದು, ಒಂದು ಬೆರಳಿನಷ್ಟೇ ಒಳಗೆ ಉಳಿದಿತ್ತು. ಮುಂದೆ ಇಳಿಜಾರು, ಕೆಳಗೆ ಕೆರೆ.

"ಎಲ್ಲಾರೂ ಲಗೂ ಇಳೀರಿ" ಎಂದರು.

ಸಂಜೆ ಮನೆ ಮುಟ್ಟಿದಾಗ ಗಂಗವ್ವ ಕಾಲಿಗೆ ನೀರು ತಂದಳು. ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದಳು.

"ವೈನಿ, ಇವತ್ತು ಮಧ್ಯಾಹ್ನದಿಂದ ಒಂದ ಸಲನೂ ಕೆಮ್ಮು ಬಂದಿಲ್ರಿ. ಉಳವ್ಯಾಗ ನನ್ನ ಸಲುವಾಗಿ ಬೇಡ್ಕೊಂಡ್ರಿ, ಹೌದಲ್ರಿ?"

ಗುಡಿಯಲ್ಲಿ ಗಂಡನ ಹೆಸರು, ಮಕ್ಕಳ ಹೆಸರು ಹೇಳಿದ್ದೆ. ಗಬ್ಬದ ಎಮ್ಮೆಗೂ ಬೇಡಿಕೊಂಡಿದ್ದೆ. ಅವಳನ್ನು ನೆನೆಸಿಕೊಂಡಿರಲಿಲ್ಲ.

"ಹೂಂ ಗಂಗವ್ವಾ" ಅಂದುಬಿಟ್ಟೆ.

ಮರುದಿನ ಅವಳ ಕೆಮ್ಮು ಮರಳಿ ಬಂತು. ಆ ಅರ್ಧ ದಿನ ಅದು ಎಲ್ಲಿತ್ತು, ಯಾರು ಕಳಿಸಿದರು, ಇಂದಿಗೂ ನನಗೆ ತಿಳಿದಿಲ್ಲ. ಅವಳು ಮಾತ್ರ ಮನೆಗೆ ಬಂದವರ ಮುಂದೆಲ್ಲ, ನಮ್ಮ ವೈನಿ ನನಗಾಗಿ ಬೇಡಿಕೊಂಡಿದ್ದರು ಎಂದು ಈಗಲೂ ಹೇಳುತ್ತಾಳೆ. ಆಗೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ.